ಕೋಲಾರ ಚಿನ್ನದ ಗಣಿ ಪ್ರದೇಶ: ಕಾರ್ಮಿಕ ನಗರದ ಬದಲಾಗುತ್ತಿರುವ ಸ್ವರೂಪ

1. ಪೀಠಿಕೆ

ಕೋಲಾರ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶವು (ಕೆ.ಜಿ.ಎಫ್.) ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಹಾಗೂ ಜಿಲ್ಲಾ ಕೇಂದ್ರವಾದ ಕೋಲಾರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ಸ್, ಕೋರಮಂಡಲ್ ಹಾಗೂ ಮಾರಿಕುಪ್ಪಂ ಇಲ್ಲಿನ ಮುಖ್ಯ ಬಡಾವಣೆಗಳಾಗಿವೆ. 120 ವರ್ಷಗಳ ಕಾಲ ಈ ಎಲ್ಲ ಬಡಾವಣೆಗಳ ಜೀವನವು ಗಣಿಯ ಸೈರನ್ನಿಗೆ ಅನುಗುಣವಾಗಿ ನಡೆಯುತ್ತಿತ್ತು. 2001ರಲ್ಲಿ ಗಣಿ ಮುಚ್ಚಿದ ನಂತರ ಪ್ರದೇಶದ ಉದ್ಯೋಗ, ವಸತಿ, ಪರಿಸರ ಮತ್ತು ಆಡಳಿತ ವ್ಯವಸ್ಥೆಗಳಲ್ಲಿ ಗಣನೀಯ ಬದಲಾವಣೆಗಳಾಗಿವೆ.

ಈ ಬದಲಾವಣೆಗಳ ಹಿನ್ನೆಲೆಯನ್ನು ಸಾರ್ವಜನಿಕರಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ. ಇಲ್ಲಿನ ನಿವಾಸಿಗಳು ಖಾತೆ, ಜನನ ಪ್ರಮಾಣ ಪತ್ರ, ವಾಸಸ್ಥಳ ದೃಢೀಕರಣ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಎದುರಿಸುವ ಹಲವು ತೊಡಕುಗಳಿಗೆ ಕಾರಣವು ಪ್ರದೇಶದ ಇತಿಹಾಸದಲ್ಲಿಯೇ ಇದೆ. ಆದುದರಿಂದ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಲೇಖನದ ಕೊನೆಯ ಭಾಗದಲ್ಲಿ ನೀಡಲಾಗಿದೆ.

2. ಗಣಿಗಾರಿಕೆಯ ಆರಂಭ

ಈ ಭಾಗದ ಮಣ್ಣಿನಲ್ಲಿ ಚಿನ್ನವಿರುವುದು ಸ್ಥಳೀಯರಿಗೆ ಬಹಳ ಹಿಂದಿನಿಂದಲೂ ತಿಳಿದಿತ್ತು. 1802ರಲ್ಲಿ ಗಡಿ ಮೋಜಣಿ ಕಾರ್ಯಕ್ಕಾಗಿ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿಯು ಗ್ರಾಮಸ್ಥರು ಮಣ್ಣು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದನ್ನು ಕಂಡು ವರದಿ ಮಾಡಿದನು. ನ್ಯೂಜಿಲೆಂಡಿನಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕನು ಈ ವರದಿಯನ್ನು ಓದಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ 20 ವರ್ಷಗಳ ಗಣಿ ಗುತ್ತಿಗೆಯನ್ನು ಪಡೆದನು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಈತನ ಹೆಸರೇ ಇದೆ. ಬಂಡವಾಳದ ಕೊರತೆಯಿಂದ ಆತನು ತನ್ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಿದನು. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ವ್ಯವಸ್ಥಾಪಕತ್ವದಲ್ಲಿ ಆಳವಾದ ಗಣಿಗಾರಿಕೆ ಪ್ರಾರಂಭವಾಗಿ, ಚಾಂಪಿಯನ್ ಲೋಡ್ ಎಂಬ ಸಮೃದ್ಧ ಅದಿರಿನ ಎಳೆ ಪತ್ತೆಯಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಮತ್ತು ನಂದಿದುರ್ಗ ಎಂಬ ಗಣಿಗಳು ಈ ಎಳೆಯ ಉದ್ದಕ್ಕೂ ಬೆಳೆದವು.

ಗಣಿಯ ಅಗತ್ಯಕ್ಕೆ ತಕ್ಕಂತೆ ಮೂಲಸೌಕರ್ಯಗಳು ಒದಗಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ರೈಲು ಮಾರ್ಗವನ್ನು ತೆರೆಯಲಾಯಿತು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 148 ಕಿ.ಮೀ. ಉದ್ದದ ತಂತಿ ಮಾರ್ಗದ ಮೂಲಕ ಗಣಿಗೆ ವಿದ್ಯುತ್ ಪೂರೈಕೆಯಾಯಿತು. ಬೆಂಗಳೂರು ನಗರಕ್ಕೆ ವಿದ್ಯುತ್ ದೀಪ ಬಂದದ್ದು ಇದಾದ ಮೂರು ವರ್ಷಗಳ ನಂತರ, ಅಂದರೆ 1905ರಲ್ಲಿ. ಕುಡಿಯುವ ನೀರನ್ನು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದ ತರಲಾಯಿತು.

3. ಕಾರ್ಮಿಕರು ಮತ್ತು ಕಾರ್ಮಿಕ ವಸತಿಗಳು

ಗಣಿಯ ಕಾರ್ಮಿಕರಲ್ಲಿ ಬಹುಪಾಲು ಜನರು ಅಂದಿನ ಮದರಾಸು ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ ಮತ್ತು ಚಿತ್ತೂರು ಭಾಗಗಳಿಂದ ಬಂದವರಾಗಿದ್ದರು. ಇವರಲ್ಲಿ ಹೆಚ್ಚಿನವರು ಭೂಮಿಯಿಲ್ಲದ ದಲಿತ ಕುಟುಂಬಗಳವರು. ಊರಿನಲ್ಲಿ ಜೀತ ಮತ್ತು ಅಸ್ಪೃಶ್ಯತೆಯನ್ನು ಅನುಭವಿಸಿದ್ದ ಇವರಿಗೆ ಗಣಿಯ ಕೆಲಸವು ಅಪಾಯಕಾರಿಯಾಗಿದ್ದರೂ ನಗದು ಕೂಲಿ ದೊರೆಯುವ ಬಿಡುಗಡೆಯ ಮಾರ್ಗವೂ ಆಗಿತ್ತು. ಮೇಲ್ವಿಚಾರಕ ಹುದ್ದೆಗಳಲ್ಲಿ ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು ಇದ್ದರು. 1901ರ ಜನಗಣತಿಯ ವೇಳೆಗೆ ಗಣಿ ಪ್ರದೇಶದ ಜನಸಂಖ್ಯೆಯು ಸುಮಾರು 38,000 ಆಗಿತ್ತು. ತಮಿಳು, ತೆಲುಗು, ಕನ್ನಡ, ಉರ್ದು ಹಾಗೂ ಇಂಗ್ಲಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವುದು ಇಂದಿಗೂ ಈ ಪ್ರದೇಶದ ವೈಶಿಷ್ಟ್ಯವಾಗಿದೆ.

ವಸತಿಯಲ್ಲಿ ಎರಡು ಲೋಕಗಳಿದ್ದವು. ಎತ್ತರದ ಸ್ಥಳಗಳಲ್ಲಿ ಅಧಿಕಾರಿಗಳ ಬಂಗಲೆಗಳು, ಕ್ಲಬ್, ಗಾಲ್ಫ್ ಮೈದಾನ ಹಾಗೂ ಚರ್ಚುಗಳಿದ್ದು, ಈ ಭಾಗವನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆಯಲಾಗುತ್ತಿತ್ತು. ಶಾಫ್ಟ್‌ಗಳ ಸುತ್ತ ಕಾರ್ಮಿಕರ 'ಲೈನ್'ಗಳಿದ್ದವು. ಬಿದಿರಿನ ತಟ್ಟಿ ಹಾಗೂ ತಗಡಿನಿಂದ ನಿರ್ಮಿಸಿದ, ಗೋಡೆಗೆ ಗೋಡೆ ತಾಗಿದ ಒಂದೇ ಕೋಣೆಯ ಈ ಮನೆಗಳಿಗೆ ನೀರು ಮತ್ತು ಶೌಚಾಲಯ ಸಾಮೂಹಿಕವಾಗಿದ್ದವು. ಕಂಪನಿಯ ಜಮೀನಿನ ಅಂಚಿನಲ್ಲಿ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆಯು ಬೆಳೆಯಿತು. ಲೈನಿನಲ್ಲಿ ವಾಸ, ಪೇಟೆಯಲ್ಲಿ ವ್ಯಾಪಾರ ಎಂಬುದು ಬಹುಕಾಲದ ಪದ್ಧತಿಯಾಗಿತ್ತು.

ಈ ವ್ಯವಸ್ಥೆಯ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಲೈನಿನ ಮನೆಯು ಕಾರ್ಮಿಕನ ಸ್ವತ್ತಾಗಿರಲಿಲ್ಲ, ಕಂಪನಿಯ ಸ್ವತ್ತಾಗಿತ್ತು. ಉದ್ಯೋಗವಿರುವವರೆಗೆ ಮನೆ ಎಂಬುದು ನಿಯಮ. ಆದರೆ ತಂದೆಯ ನಂತರ ಮಗನಿಗೆ ಕೆಲಸ ದೊರೆಯುತ್ತಿದ್ದುದರಿಂದ ಮೂರು ನಾಲ್ಕು ತಲೆಮಾರುಗಳು ಒಂದೇ ಮನೆಯಲ್ಲಿ ಬಾಳಿದವು. ಮನೆಯ ಒಡೆತನದ ಪ್ರಶ್ನೆಯನ್ನು ಕೇಳುವ ಸಂದರ್ಭವೇ ಬರಲಿಲ್ಲ. 2001ರಲ್ಲಿ ಆ ಸಂದರ್ಭ ಒಮ್ಮೆಲೇ ಬಂದಿತು.

4. ಕಾರ್ಮಿಕ ಚಳವಳಿ ಮತ್ತು ಸಾಮಾಜಿಕ ಜಾಗೃತಿ

ಗಣಿಯ ಕೆಲಸವು ಅತ್ಯಂತ ಕಠಿಣವಾಗಿತ್ತು. ಚಾಂಪಿಯನ್ ರೀಫ್ ಗಣಿಯು ಭೂಮಟ್ಟದಿಂದ ಸುಮಾರು 3.2 ಕಿ.ಮೀ. ಆಳವನ್ನು ತಲುಪಿ, ವಿಶ್ವದ ಅತಿ ಆಳದ ಗಣಿಗಳಲ್ಲಿ ಒಂದೆಂದು ಹೆಸರಾಯಿತು. ಆ ಆಳದಲ್ಲಿ ಬಂಡೆಯ ಶಾಖವು 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದರಿಂದ ತಂಪುಗೊಳಿಸಿದ ಗಾಳಿಯನ್ನು ಕೆಳಗೆ ಕಳುಹಿಸಬೇಕಾಗುತ್ತಿತ್ತು. ಒತ್ತಡಕ್ಕೆ ಸಿಲುಕಿದ ಬಂಡೆಗಳು ಹಠಾತ್ತನೆ ಸಿಡಿಯುವುದರಿಂದ ಪ್ರಾಣಹಾನಿಯಾಗುತ್ತಿತ್ತು. ಕಲ್ಲಿನ ಧೂಳಿನಿಂದ ಶ್ವಾಸಕೋಶವು ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆಯು ಇಲ್ಲಿನ ಮನೆಮನೆಗೂ ಪರಿಚಿತವಾಗಿತ್ತು.

1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡುವ ಕ್ರಮವನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ತಮ್ಮನ್ನು ಅಪರಾಧಿಗಳಂತೆ ಕಾಣಬಾರದೆಂಬುದು ಅವರ ವಾದವಾಗಿತ್ತು. 1940ರ ದಶಕದಲ್ಲಿ ಸಂಘಟಿತ ಕಾರ್ಮಿಕ ಸಂಘಗಳು ಬಲಗೊಂಡವು. 1946ರ ನವೆಂಬರ್ 4ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ 6 ಮಂದಿ ಕಾರ್ಮಿಕರು ಮೃತಪಟ್ಟರು. ಈ ದಿನವನ್ನು ಹುತಾತ್ಮರ ನೆನಪಿನ ದಿನವಾಗಿ ಕಾರ್ಮಿಕ ಕುಟುಂಬಗಳು ನೆನೆಯುತ್ತವೆ.

20ನೇ ಶತಮಾನದ ಆರಂಭದಲ್ಲಿಯೇ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್ ಭಾಗಗಳಲ್ಲಿ ಬೌದ್ಧ ಸಂಘಗಳು ಸ್ಥಾಪನೆಯಾಗಿ, ಜಾತಿ ತಾರತಮ್ಯದ ವಿರುದ್ಧ ಜಾಗೃತಿ ಮೂಡಿಸಿದವು. 1954ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಕೆ.ಜಿ.ಎಫ್.ಗೆ ಭೇಟಿ ನೀಡಿದ್ದರು. ಓದುವ ಕೊಠಡಿಗಳು, ರಾತ್ರಿ ಶಾಲೆಗಳು, ಕಾಲ್ಚೆಂಡು ಹಾಗೂ ಹಾಕಿ ತಂಡಗಳು ಲೈನುಗಳ ಸಾಮಾಜಿಕ ಬದುಕಿನ ಅವಿಭಾಜ್ಯ ಅಂಗಗಳಾಗಿದ್ದವು.

5. ಸರ್ಕಾರಿ ಸ್ವಾಮ್ಯ ಮತ್ತು ಗಣಿಯ ಮುಚ್ಚುಗಡೆ

1956ರಲ್ಲಿ ಮೈಸೂರು ರಾಜ್ಯ ಸರ್ಕಾರವು ಗಣಿಗಳನ್ನು ತನ್ನ ಸ್ವಾಮ್ಯಕ್ಕೆ ತೆಗೆದುಕೊಂಡಿತು. 1962ರಲ್ಲಿ ಇವು ಕೇಂದ್ರ ಸರ್ಕಾರಕ್ಕೆ ಹಸ್ತಾಂತರಗೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿ.ಜಿ.ಎಂ.ಎಲ್.) ಎಂಬ ಸಾರ್ವಜನಿಕ ಉದ್ಯಮದ ಅಧೀನಕ್ಕೆ ಬಂದವು. ಇದೇ ಅವಧಿಯಲ್ಲಿ ಪ್ರದೇಶವು ವಿಜ್ಞಾನ ಕ್ಷೇತ್ರದಲ್ಲಿಯೂ ಹೆಸರು ಗಳಿಸಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ಸಹಯೋಗಿಗಳೊಡನೆ 1965ರಲ್ಲಿ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಉಂಟಾಗುವ ನ್ಯೂಟ್ರಿನೊ ಕಣಗಳ ಕುರುಹನ್ನು ದಾಖಲಿಸಿದರು. 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆ ಹಾಗೂ 1988ರಲ್ಲಿ ಆರಂಭವಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯು ಗಣಿಯೇತರ ಉದ್ಯೋಗ ಮತ್ತು ಸಂಶೋಧನೆಗೆ ನೆಲೆ ಒದಗಿಸಿದವು.

ಆದರೆ ಅದಿರಿನ ಗುಣಮಟ್ಟವು ನಿರಂತರವಾಗಿ ಕುಸಿಯುತ್ತಿತ್ತು. ಆರಂಭದ ವರ್ಷಗಳಲ್ಲಿ ಪ್ರತಿ ಟನ್ ಅದಿರಿಗೆ 40 ಗ್ರಾಂಗಿಂತ ಹೆಚ್ಚು ಚಿನ್ನ ದೊರೆಯುತ್ತಿದ್ದರೆ, ಕೊನೆಯ ವರ್ಷಗಳಲ್ಲಿ ಅದು 3 ಗ್ರಾಂ ಆಸುಪಾಸಿಗೆ ಇಳಿದಿತ್ತು. ಆಳ ಹೆಚ್ಚಿದಂತೆ ನೀರೆತ್ತುವ, ಗಾಳಿ ತಂಪುಗೊಳಿಸುವ ಹಾಗೂ ಅದಿರನ್ನು ಮೇಲೆತ್ತುವ ವೆಚ್ಚಗಳು ಏರಿದವು. 1992ರಲ್ಲಿ ಕಂಪನಿಯ ಪ್ರಕರಣವನ್ನು ಕೈಗಾರಿಕಾ ಮತ್ತು ಹಣಕಾಸು ಪುನಾರಚನಾ ಮಂಡಳಿಗೆ ಒಪ್ಪಿಸಲಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆಯನ್ನು ಸ್ಥಗಿತಗೊಳಿಸಲಾಯಿತು. ಆ ವೇಳೆಗೆ ಉಳಿದಿದ್ದ ಸುಮಾರು 3,800 ಕಾರ್ಮಿಕರು ಕೆಲಸ ಕಳೆದುಕೊಂಡರು. ಈ ಗಣಿಗಳಿಂದ ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನವನ್ನು ತೆಗೆಯಲಾಗಿತ್ತು.

ಮುಚ್ಚುಗಡೆಯಿಂದ ನಷ್ಟವಾದದ್ದು ಕೂಲಿ ಮಾತ್ರವಲ್ಲ. ಕಂಪನಿಯ ಆಸ್ಪತ್ರೆ, ಶಾಲೆ, ನೀರು, ವಿದ್ಯುತ್, ನೈರ್ಮಲ್ಯ ಇವೆಲ್ಲವೂ ಒಂದೇ ಆಡಳಿತದ ಅಡಿಯಲ್ಲಿದ್ದವು. ಗಣಿಯೊಂದಿಗೆ ಆ ಆಡಳಿತವೂ ಹಿಂದೆ ಸರಿಯಿತು. ಅದುವರೆಗೆ 'ಕಂಪನಿ'ಯನ್ನು ಕೇಳಿ ಪಡೆಯುತ್ತಿದ್ದ ಸೌಲಭ್ಯಗಳಿಗಾಗಿ ನಿವಾಸಿಗಳು ನಗರಸಭೆ, ತಾಲ್ಲೂಕು ಕಚೇರಿ, ವಿದ್ಯುತ್ ಸರಬರಾಜು ಕಂಪನಿ ಮುಂತಾದ ಬೇರೆ ಬೇರೆ ಕಚೇರಿಗಳಿಗೆ ಅರ್ಜಿ ಸಲ್ಲಿಸುವುದು ಅನಿವಾರ್ಯವಾಯಿತು.

6. ಇಂದಿನ ಸ್ವರೂಪ

6.1 ಉದ್ಯೋಗ: ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಈಗ ರೈಲು ಹತ್ತುತ್ತಾರೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ಮತ್ತು ಕೋರಮಂಡಲ್ ನಿಲ್ದಾಣಗಳಿಂದ ಬೆಳಗಿನ ರೈಲುಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಕೆಲಸಕ್ಕೆ ತೆರಳಿ ರಾತ್ರಿ ಹಿಂದಿರುಗುತ್ತಾರೆ. ಕಟ್ಟಡ ನಿರ್ಮಾಣ, ಸಿದ್ಧ ಉಡುಪು, ಭದ್ರತೆ, ಆಸ್ಪತ್ರೆ, ಹೋಟೆಲ್, ಕಚೇರಿ ಹೀಗೆ ನಾನಾ ಉದ್ಯೋಗಗಳಲ್ಲಿ ಇವರಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ತೆರಲಾಗದ ಕುಟುಂಬಗಳಿಗೆ ಲೈನಿನ ಮನೆ ಮತ್ತು ರೈಲಿನ ಮಾಸಿಕ ಪಾಸು ಇವೆರಡೇ ಆಸರೆ. ನಾಲ್ಕೈದು ಗಂಟೆಗಳ ನಿತ್ಯ ಪ್ರಯಾಣದ ಹೊರೆಯು ವಿಶೇಷವಾಗಿ ಮಹಿಳೆಯರ ಮೇಲೆ ಬೀಳುತ್ತದೆ. ದುಡಿಯುವ ವಯಸ್ಸಿನವರು ದಿನವಿಡೀ ಹೊರಗಿರುವುದರಿಂದ ಹಗಲಿನಲ್ಲಿ ಲೈನುಗಳಲ್ಲಿ ಕಾಣುವವರು ಹೆಚ್ಚಾಗಿ ವೃದ್ಧರು ಮತ್ತು ಮಕ್ಕಳು. ಒಂದು ಪಾಳಿಯ ಸೈರನ್ನಿಗೆ ಇಡೀ ಬೀದಿಯೇ ಹೊರಡುತ್ತಿದ್ದ ಕಾಲದಲ್ಲಿ ನೆರೆಹೊರೆಯವರೇ ಸಹೋದ್ಯೋಗಿಗಳಾಗಿದ್ದರು. ಇಂದು ಒಂದೇ ಸಾಲಿನ ಹತ್ತು ಮನೆಗಳಲ್ಲಿ ಹತ್ತು ಬಗೆಯ ಉದ್ಯೋಗಗಳಿವೆ.

6.2 ಪರಿಸರ: ಅದಿರನ್ನು ಪುಡಿ ಮಾಡಿ ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ನಂತರ ಉಳಿದ ಪುಡಿಯನ್ನು ರಾಶಿ ಹಾಕಲಾಗುತ್ತಿತ್ತು. 'ಸಯನೈಡ್ ಗುಡ್ಡ'ಗಳೆಂದೇ ಕರೆಯಲಾಗುವ ಇಂತಹ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ. ಒಣ ಹವೆಯ ತಿಂಗಳುಗಳಲ್ಲಿ ಗಾಳಿಗೆ ಏಳುವ ಸೂಕ್ಷ್ಮ ಧೂಳು ಮನೆಗಳಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ದಿಬ್ಬಗಳಿಂದ ಕೊಚ್ಚಿ ಬರುವ ಪುಡಿಯು ಹೊಲ ಹಾಗೂ ಹಳ್ಳಗಳನ್ನು ಸೇರುತ್ತದೆ. ಈ ದಿಬ್ಬಗಳಲ್ಲಿ ಅಲ್ಪ ಪ್ರಮಾಣದ ಚಿನ್ನ ಉಳಿದಿದ್ದು, ಸುಮಾರು 1,003 ಎಕರೆ ಪ್ರದೇಶದಲ್ಲಿರುವ ಇವುಗಳಿಂದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್ ತಿಂಗಳಲ್ಲಿ ಸಮ್ಮತಿ ನೀಡಿತು.

6.3 ಸುರಕ್ಷತೆ: ಪಂಪುಗಳು ನಿಂತ ನಂತರ ಗಣಿಯಲ್ಲಿ ನೀರು ತುಂಬಿಕೊಂಡಿದೆ. ಪಾಳು ಬಿದ್ದ ಶಾಫ್ಟ್‌ಗಳಿಗೆ ಹಳೆಯ ಕಬ್ಬಿಣ ಅಥವಾ ಅದಿರಿನ ಆಸೆಯಿಂದ ಇಳಿದು ಪ್ರಾಣ ಕಳೆದುಕೊಂಡ ಪ್ರಕರಣಗಳು ನಡೆದಿವೆ. ಶಾಫ್ಟ್‌ಗಳಲ್ಲಿ ಉಸಿರಾಟಕ್ಕೆ ಯೋಗ್ಯವಾದ ಗಾಳಿ ಇರುವುದಿಲ್ಲ. ಯಾವುದೇ ಕಾರಣಕ್ಕೂ ಇವುಗಳ ಬಳಿ ಹೋಗಬಾರದು ಹಾಗೂ ಮಕ್ಕಳನ್ನು ಬಿಡಬಾರದು.

6.4 ಆಡಳಿತ ಮತ್ತು ಸಂಪರ್ಕ: ಹಿಂದೆ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿದ್ದ ಕೆ.ಜಿ.ಎಫ್. 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. 2011ರ ಜನಗಣತಿಯಂತೆ ರಾಬರ್ಟ್‌ಸನ್‌ಪೇಟೆ ನಗರಸಭೆಯ ಜನಸಂಖ್ಯೆ ಸುಮಾರು 1.62 ಲಕ್ಷ. ಬೆಂಗಳೂರು - ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ - ಬೇತಮಂಗಲ ಭಾಗದಲ್ಲಿ 2024ರ ಕೊನೆಯಲ್ಲಿ ವಾಹನ ಸಂಚಾರ ಆರಂಭವಾದ ಬಳಿಕ ಪ್ರದೇಶವು ಬೆಂಗಳೂರಿಗೆ ಮತ್ತಷ್ಟು ಹತ್ತಿರವಾಗಿದೆ. ಇದರಿಂದ ಉದ್ಯೋಗಾವಕಾಶಗಳೊಂದಿಗೆ ಜಮೀನಿನ ಬೆಲೆಯೂ ಹೆಚ್ಚುವ ಸಂಭವವಿರುವುದರಿಂದ, ದಾಖಲೆ ಇಲ್ಲದ ನಿವಾಸಿಗಳು ಜಾಗರೂಕರಾಗಿರುವುದು ಅವಶ್ಯ.

6.5 ಹೆಸರಿನ ಖ್ಯಾತಿ: 2018 ಮತ್ತು 2022ರಲ್ಲಿ ತೆರೆಕಂಡ 'ಕೆ.ಜಿ.ಎಫ್.' ಕನ್ನಡ ಚಲನಚಿತ್ರಗಳಿಂದ ಈ ಹೆಸರು ದೇಶದಾದ್ಯಂತ ಪರಿಚಿತವಾಗಿದೆ. ಅವುಗಳ ಕಥೆಯು ಕಾಲ್ಪನಿಕವಾಗಿದ್ದು, ಇಲ್ಲಿನ ಕಾರ್ಮಿಕರ ನಿಜ ಇತಿಹಾಸವು ಅದಕ್ಕಿಂತ ಭಿನ್ನವಾಗಿದೆ ಎಂಬುದನ್ನು ಸಂದರ್ಶಕರು ಗಮನಿಸತಕ್ಕದ್ದು.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಸ್ಥಳದ ಹೆಸರು: ಹಳೆಯ ದಾಖಲೆಗಳಲ್ಲಿ ತಾಲ್ಲೂಕಿನ ಹೆಸರು 'ಬೌರಿಂಗ್‌ಪೇಟೆ' ಅಥವಾ 'ಬಂಗಾರಪೇಟೆ' ಎಂದೂ, 1973ರ ನವೆಂಬರ್ 1ಕ್ಕೆ ಮೊದಲಿನ ದಾಖಲೆಗಳಲ್ಲಿ ರಾಜ್ಯದ ಹೆಸರು 'ಮೈಸೂರು' ಎಂದೂ ಇರುತ್ತದೆ. ಇದು ದೋಷವಲ್ಲ. ಈ ಕಾರಣಕ್ಕಾಗಿ ಹಳೆಯ ದಾಖಲೆಯನ್ನು ಕೈಬರಹದಿಂದ ತಿದ್ದಬಾರದು. ತಿದ್ದಿದ ದಾಖಲೆಯು ಪರಿಶೀಲನೆಯಲ್ಲಿ ತಿರಸ್ಕೃತವಾಗಬಹುದು.

(ಆ) ವಿಳಾಸ: ಹಿರಿಯರ ದಾಖಲೆಗಳಲ್ಲಿ ಲೈನಿನ ಹೆಸರು ಮತ್ತು ಕಂಪನಿಯ ಮನೆ ಸಂಖ್ಯೆ ಇದ್ದು, ಇಂದಿನ ದಾಖಲೆಗಳಲ್ಲಿ ವಾರ್ಡ್ ಹಾಗೂ ನಗರಸಭೆಯ ಸಂಖ್ಯೆ ಇರಬಹುದು. ಎರಡೂ ಒಂದೇ ಮನೆಗೆ ಸಂಬಂಧಿಸಿದ್ದೆಂದು ತೋರಿಸಲು ಪಡಿತರ ಚೀಟಿ, ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು ಮುಂತಾದ ನಿರಂತರ ದಾಖಲೆಗಳನ್ನು ಜೋಪಾನವಾಗಿಡತಕ್ಕದ್ದು.

(ಇ) ಜಮೀನಿನ ವರ್ಗ: ಈ ಪ್ರದೇಶದಲ್ಲಿ ಬಿ.ಜಿ.ಎಂ.ಎಲ್. ಜಮೀನು, ಕಂದಾಯ ಜಮೀನು ಹಾಗೂ ನಗರಸಭೆಯ ಖಾತೆಯಲ್ಲಿರುವ ಖಾಸಗಿ ಸ್ವತ್ತುಗಳು ಅಕ್ಕಪಕ್ಕದಲ್ಲಿಯೇ ಇವೆ. ಖಾತೆಗೆ ಅರ್ಜಿ ಸಲ್ಲಿಸುವ ಮೊದಲು ತಮ್ಮ ಸ್ವತ್ತು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

(ಈ) ಲೈನಿನ ಮನೆಗಳ ಖರೀದಿ: ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಒಪ್ಪಂದ ಮಾತ್ರದಿಂದ ಮನೆಯ ಒಡೆತನ ಬರುವುದಿಲ್ಲ. ನೋಂದಣಿ ಅಧಿನಿಯಮ 1908ರ ಪ್ರಕಾರ 100 ರೂ. ಅಥವಾ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ. ಮಾರುವವರಿಗೇ ಹಕ್ಕು ಇಲ್ಲದಿದ್ದಲ್ಲಿ ನೋಂದಣಿಯಿಂದಲೂ ಹಕ್ಕು ಉಂಟಾಗದು. ಹಣ ನೀಡುವ ಮೊದಲು ಮೂಲ ಹಕ್ಕುಪತ್ರವನ್ನು ಪರಿಶೀಲಿಸಿ, ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣ ಪತ್ರವನ್ನು ಪಡೆಯತಕ್ಕದ್ದು.

(ಉ) ಜನನ ಮತ್ತು ಮರಣ ನೋಂದಣಿ: ಕಂಪನಿಯ ಆಸ್ಪತ್ರೆಯಲ್ಲಿ ಅಥವಾ ಲೈನಿನ ಮನೆಯಲ್ಲಿ ಸಂಭವಿಸಿದ ಜನನವು ನೋಂದಣಿಯಾಗಿಲ್ಲವಾದಲ್ಲಿ ತಡವಾಗಿ ನೋಂದಾಯಿಸಲು ಅವಕಾಶವಿದೆ. ಒಂದು ವರ್ಷಕ್ಕಿಂತ ಹೆಚ್ಚು ವಿಳಂಬವಾದ ಪ್ರಕರಣಗಳಲ್ಲಿ, 2023ರ ತಿದ್ದುಪಡಿಯಂತೆ, ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ನೀಡಲಾದ ಕಾರ್ಯನಿರ್ವಾಹಕ ದಂಡಾಧಿಕಾರಿಯವರ ಆದೇಶ ಅಗತ್ಯ. ಶಾಲಾ ದಾಖಲಾತಿ ಅಥವಾ ಚರ್ಚಿನ ದೀಕ್ಷಾಸ್ನಾನದ ದಾಖಲೆಯಿದ್ದಲ್ಲಿ ಪೂರಕ ಆಧಾರವಾಗಿ ಹಾಜರುಪಡಿಸಬಹುದು.

(ಊ) ಪಿಂಚಣಿ: ನೌಕರರ ಪಿಂಚಣಿ ಯೋಜನೆ 1995ರ ವ್ಯಾಪ್ತಿಗೆ ಬರುವ ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಪತ್ರ ಸಲ್ಲಿಸುವುದು ಕಡ್ಡಾಯ. ಪಿಂಚಣಿದಾರರು ಮೃತಪಟ್ಟಲ್ಲಿ ಪತ್ನಿ ಅಥವಾ ಪತಿಯು ಕುಟುಂಬ ಪಿಂಚಣಿಗೆ ಅರ್ಜಿ ಸಲ್ಲಿಸಬಹುದು. ಭವಿಷ್ಯ ನಿಧಿ ಸಂಖ್ಯೆ ಇರುವ ಹಳೆಯ ವೇತನ ಚೀಟಿಗಳನ್ನು ಎಸೆಯಬಾರದು.

(ಋ) ಮಾಹಿತಿ ಹಕ್ಕು: ಬಿ.ಜಿ.ಎಂ.ಎಲ್. ಕೇಂದ್ರ ಸರ್ಕಾರದ ಗಣಿ ಸಚಿವಾಲಯದ ಅಧೀನದ ಸಂಸ್ಥೆಯಾದುದರಿಂದ, ಅದರ ದಾಖಲೆಗಳಿಗೆ ಸಂಬಂಧಿಸಿದ ಅರ್ಜಿಯನ್ನು ಮಾಹಿತಿ ಹಕ್ಕು ಅಧಿನಿಯಮ 2005ರ ಅನ್ವಯ ಕೇಂದ್ರದ ಸಂಬಂಧಪಟ್ಟ ಮಾಹಿತಿ ಅಧಿಕಾರಿಗೆ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ತಪ್ಪಾದ ಕಚೇರಿಗೆ ಸಲ್ಲಿಸಿದ ಅರ್ಜಿಯನ್ನು 5 ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಲು ಅಧಿನಿಯಮದಲ್ಲಿ ಅವಕಾಶವಿದೆ.

(ೠ) ಸ್ವೀಕೃತಿ: ಯಾವುದೇ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಸಕಾಲ ಸೇವೆಗಳ ಅಧಿನಿಯಮ 2011ರ ವ್ಯಾಪ್ತಿಗೆ ಬರುವ ಸೇವೆಯು ನಿಗದಿತ ಅವಧಿಯಲ್ಲಿ ದೊರೆಯದಿದ್ದಲ್ಲಿ, ಸ್ವೀಕೃತಿ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು.

8. ಪ್ರಮುಖ ಇಸವಿಗಳು

1802 - ಜಾನ್ ವಾರೆನ್ ಅವರಿಂದ ಚಿನ್ನದ ಕುರಿತು ಪರಿಶೀಲನೆ
1875 - ಲ್ಯಾವೆಲ್‌ಗೆ ಗಣಿ ಗುತ್ತಿಗೆ
1894 - ರೈಲು ಮಾರ್ಗದ ಆರಂಭ
1902 - ಶಿವನಸಮುದ್ರದಿಂದ ವಿದ್ಯುತ್
1930 - ಬೆರಳಚ್ಚು ವಿರೋಧಿ ಮುಷ್ಕರ
1946 - ಗೋಲಿಬಾರು, 6 ಕಾರ್ಮಿಕರ ಸಾವು
1956 - ರಾಜ್ಯ ಸರ್ಕಾರದ ಸ್ವಾಮ್ಯ
1962 - ಕೇಂದ್ರ ಸರ್ಕಾರಕ್ಕೆ ಹಸ್ತಾಂತರ
1972 - ಬಿ.ಜಿ.ಎಂ.ಎಲ್. ಅಧೀನಕ್ಕೆ
2001 - ಗಣಿಗಾರಿಕೆ ಸ್ಥಗಿತ
2018 - ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕು
2024 - ತ್ಯಾಜ್ಯ ದಿಬ್ಬಗಳ ಗಣಿಗಾರಿಕೆಗೆ ರಾಜ್ಯದ ಸಮ್ಮತಿ

9. ಉಪಸಂಹಾರ

ರಾಜ್ಯದ ಮೊದಲ ವಿದ್ಯುತ್ ಬೆಳಕನ್ನು ಕಂಡ ಹಾಗೂ ನಾಡಿನ ಬೊಕ್ಕಸಕ್ಕೆ ದಶಕಗಳ ಕಾಲ ಆದಾಯ ತಂದ ಪ್ರದೇಶವಿದು. ಆ ಸಂಪತ್ತನ್ನು ಮೇಲೆತ್ತಿದ ಕುಟುಂಬಗಳ ಬಳಿ ಇಂದು ಉಳಿದಿರುವುದು ಒಂದು ಕೋಣೆಯ ಮನೆ ಮತ್ತು ಹಳೆಯ ಕಾಗದಗಳ ಒಂದು ಕಟ್ಟು. ಆ ಕಾಗದಗಳಲ್ಲಿ ಪ್ರತಿಯೊಂದೂ ಹಕ್ಕಿನ ಆಧಾರವಾಗಬಲ್ಲದು. ಆದುದರಿಂದ ಅವುಗಳ ಪ್ರತಿಗಳನ್ನು ಮಾಡಿಸಿ, ಮೂಲಗಳನ್ನು ಸುರಕ್ಷಿತವಾಗಿಟ್ಟು, ಸಕಾಲದಲ್ಲಿ ಅರ್ಜಿ ಸಲ್ಲಿಸಿ ಸೌಲಭ್ಯಗಳ ಪ್ರಯೋಜನ ಪಡೆಯಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ಚಾಲ್ತಿಯಲ್ಲಿರುವ ಅಧಿನಿಯಮ, ನಿಯಮ ಮತ್ತು ಸರ್ಕಾರಿ ಆದೇಶಗಳೇ ಅಂತಿಮವಾಗಿರುತ್ತವೆ.